ನಾಯಿಯ ಕೊರಳಪಟ್ಟಿ: ಆಯ್ಕೆ ಮತ್ತು ಆರೈಕೆ

ಊರಿನಲ್ಲಿ ನಾಯಿಗೆ ಕೊರಳಪಟ್ಟಿಯ ಅವಶ್ಯಕತೆ ಅಷ್ಟಾಗಿ ಇರಲಿಲ್ಲ. ಹಗಲು ಅಂಗಳ, ರಾತ್ರಿ ಜಗಲಿ. ಕಟ್ಟಲೇಬೇಕಾದಾಗ ಒಂದು ತುಂಡು ಹಗ್ಗ. ಮುಂಬಯಿಯಂತಹ ಮಹಾನಗರದಲ್ಲಿ ಸಂಗತಿ ಬೇರೆ. ಎಷ್ಟನೆಯದೋ ಅಂತಸ್ತಿನ ಮನೆಯಿಂದ ಲಿಫ್ಟಿನಲ್ಲಿ ಇಳಿದು, ವಾಹನಗಳ ನಡುವೆ ದಿನಕ್ಕೆ ಎರಡು ಮೂರು ಬಾರಿ ಹೋಗಿಬರಬೇಕಾದ ನಾಯಿಗೆ ಕೊರಳಪಟ್ಟಿ, ಅಂದರೆ ಆಡುಮಾತಿನ ಬೆಲ್ಟು, ಅನಿವಾರ್ಯ. ಅದನ್ನು ಅನೇಕರು ಬಣ್ಣ ನೋಡಿ ಕೊಳ್ಳುತ್ತಾರೆ. ಒಮ್ಮೆ ತೊಡಿಸಿದರೆ ಹರಿಯುವ ತನಕ ಬಿಚ್ಚುವುದಿಲ್ಲ. ಆ ಪಟ್ಟಿಯ ಅಡಿಯಲ್ಲಿ ಏನು ನಡೆಯುತ್ತಿದೆ ಎಂಬುದನ್ನು ನಾಯಿ ಹೇಳಲಾರದು. ಅದರ ರೋಮವೂ ತೋರಗೊಡದು.

ನಾಯಿಯ ಹೊರಚರ್ಮವು ಮನುಷ್ಯನ ಚರ್ಮಕ್ಕಿಂತ ಬಹಳ ತೆಳುವಾದುದು. ರೋಮವೇ ಅದಕ್ಕೆ ರಕ್ಷಾಕವಚ. ಪಟ್ಟಿಯ ಅಂಚು ಒಂದೇ ಜಾಗದಲ್ಲಿ ಉಜ್ಜುತ್ತಿದ್ದರೆ ಮೊದಲು ಕೂದಲು ತುಂಡಾಗಿ ಕೊರಳ ಸುತ್ತ ಬಳೆಯಂತಹ ಗುರುತು ಮೂಡುತ್ತದೆ. ಬಳಿಕ ಬರಿಯ ಚರ್ಮವೇ ಉಜ್ಜಲ್ಪಟ್ಟು ಕೆಂಪಾಗುತ್ತದೆ. ಅದರ ಮೇಲೆ ತೇವವೂ ನಿಂತರೆ ಸೂಕ್ಷ್ಮಜೀವಿಗಳು ಬೆಳೆದು, ಒಂದೆರಡು ದಿನಗಳಲ್ಲೇ ಕೀವು ಜಿನುಗುವ ಹುಣ್ಣಾಗಬಹುದು. ಜೂನಿನಿಂದ ಸೆಪ್ಟೆಂಬರಿನವರೆಗೆ ಮುಂಬಯಿಯ ಮಳೆಯಲ್ಲಿ ನೆನೆದು ಬರುವ ದಟ್ಟರೋಮದ ನಾಯಿಗಳಲ್ಲಿ, ಅದರಲ್ಲೂ ಲ್ಯಾಬ್ರಡಾರ್ ಮತ್ತು ಗೋಲ್ಡನ್ ರಿಟ್ರೀವರ್‌ಗಳಲ್ಲಿ, ಈ ತೊಂದರೆ ಹೆಚ್ಚು. ಮೈಯನ್ನೆಲ್ಲ ಟವಲಿನಿಂದ ಒರೆಸಿ, ಒದ್ದೆ ಪಟ್ಟಿಯನ್ನು ಮಾತ್ರ ಕೊರಳಲ್ಲೇ ಬಿಟ್ಟರೆ ಒರೆಸಿದ್ದರ ಪ್ರಯೋಜನ ಅರ್ಧಕ್ಕರ್ಧ ನಷ್ಟವಾದಂತೆಯೇ. ಮಳೆಗಾಲಕ್ಕೆ ಎರಡು ಪಟ್ಟಿಗಳಿರುವುದು ಮೇಲು. ಒಂದು ಒಣಗುತ್ತಿರುವಾಗ ಇನ್ನೊಂದು ಉಪಯೋಗಕ್ಕೆ ಬರುತ್ತದೆ.

ಪಟ್ಟಿಯ ಅಳತೆಯನ್ನು ಅಂಗಡಿಯವನ ಊಹೆಗೆ ಬಿಡಬಾರದು. ಪಟ್ಟಿ ಕುಳಿತುಕೊಳ್ಳುವ ಜಾಗದಲ್ಲಿ ದರ್ಜಿಯ ಟೇಪನ್ನು ಸುತ್ತಿ, ಅದರಡಿಯಲ್ಲಿ ಎರಡು ಬೆರಳುಗಳು ಚಪ್ಪಟೆಯಾಗಿ ಹೋಗುವಷ್ಟು ಸಡಿಲ ಬಿಟ್ಟು ಅಳೆಯಬೇಕು. ಪುಟ್ಟ ಜಾತಿಯ ನಾಯಿಗೆ ಒಂದು ಬೆರಳು ಸಾಕು. ಬೆರಳು ರೋಮದ ಮೇಲೆ ಜಾರಿದರೆ ಲೆಕ್ಕಕ್ಕಿಲ್ಲ. ಅದು ರೋಮವನ್ನು ಸರಿಸಿ ಚರ್ಮಕ್ಕೆ ತಾಗಿಕೊಂಡೇ ಹೋಗಬೇಕು. ಅತಿ ಸಡಿಲವೂ ಒಳ್ಳೆಯದಲ್ಲ. ಸಡಿಲ ಪಟ್ಟಿ ಕೊರಳ ಸುತ್ತ ತಿರುಗುತ್ತ ಇನ್ನಷ್ಟು ಉಜ್ಜುತ್ತದೆ. ನಾಯಿ ಕೆರೆದುಕೊಳ್ಳುವಾಗ ಹಿಂಗಾಲೋ ಕೆಳದವಡೆಯೋ ಅದರೊಳಗೆ ಸಿಕ್ಕಿಕೊಳ್ಳುವುದೂ ಉಂಟು. ಅಗಲದ ವಿಷಯದಲ್ಲಿ ಸಣ್ಣ ನಾಯಿಗೆ ಅರ್ಧ ಅಂಗುಲ, ಮಧ್ಯಮ ಗಾತ್ರದ್ದಕ್ಕೆ ಮುಕ್ಕಾಲರಿಂದ ಒಂದು ಅಂಗುಲ, ದೊಡ್ಡದಕ್ಕೆ ಒಂದರಿಂದ ಒಂದೂವರೆ ಅಂಗುಲ ಎಂದು ಸ್ಥೂಲವಾಗಿ ಇಟ್ಟುಕೊಳ್ಳಬಹುದು. ಕಿರಿದಾದ ಪಟ್ಟಿ ಎಳೆತದ ಭಾರವನ್ನೆಲ್ಲ ಒಂದೇ ಗೆರೆಯ ಮೇಲೆ ಹಾಕುತ್ತದೆ.

ಇನ್ನು ಪಟ್ಟಿ ಯಾವುದರದ್ದಾಗಿರಬೇಕು? ಉದ್ದ ರೋಮದ ಸ್ಪಿಟ್ಜ್, ಲಾಸಾ ಆಪ್ಸೊ, ಶಿಟ್ಜು ಮುಂತಾದವುಗಳಿಗೆ (ನಮ್ಮಲ್ಲಿ ಪಾಮರೇನಿಯನ್ ಎಂದು ಕರೆಯಲ್ಪಡುವ ಬಹುಪಾಲು ನಾಯಿಗಳು ನಿಜವಾಗಿ ಸ್ಪಿಟ್ಜ್‌ಗಳೇ) ಚಪ್ಪಟೆ ನೈಲಾನ್ ಪಟ್ಟಿ ಹಿಡಿಸುವುದಿಲ್ಲ. ಅದರಡಿ ಕೂದಲು ಹೊಸೆದುಕೊಂಡು ಜಡೆಗಟ್ಟುತ್ತದೆ. ಇವುಗಳಿಗೆ ಮೃದು ಚರ್ಮವನ್ನು ಕೊಳವೆಯಂತೆ ಸುತ್ತಿ ಹೊಲಿದ ದುಂಡು ಪಟ್ಟಿ ಉತ್ತಮ. ಕೂದಲಿಗೆ ತಾಗುವ ಭಾಗ ಕಡಿಮೆಯಾದುದರಿಂದ ಹೊಸೆಯುವಿಕೆಯೂ ಕಡಿಮೆ. ಆದರೆ ಹಗ್ಗ ಜಗ್ಗುವ ಚಾಳಿಯ ನಾಯಿಗೆ ಈ ದುಂಡು ಪಟ್ಟಿಯೇ ಕೊರಳನ್ನು ಒತ್ತುತ್ತದೆ. ಅಂತಹದಕ್ಕೆ ದುಂಡು ಪಟ್ಟಿಯನ್ನು ಹೆಸರಿನ ಬಿಲ್ಲೆಗಾಗಿ ಮಾತ್ರ ಉಳಿಸಿ, ಹಗ್ಗವನ್ನು ಹಾರ್ನೆಸ್ ಎಂಬ ಎದೆಪಟ್ಟಿಗೆ ಕಟ್ಟಬೇಕು. ಎದೆಪಟ್ಟಿಯನ್ನಾದರೂ ಮನೆಗೆ ಬಂದೊಡನೆ ತೆಗೆಯಬೇಕು. ಇಲ್ಲವಾದರೆ ಕಂಕುಳಲ್ಲಿ ಜಡೆಗಟ್ಟುತ್ತದೆ.

ಗಿಡ್ಡ ರೋಮದ ನಾಯಿಗೆ ಒಳಮೈ ಮೆತ್ತಗಿರುವ ಚಪ್ಪಟೆ ಪಟ್ಟಿ ಸಾಕು. ನೈಲಾನಿನ ಕತ್ತರಿಸಿದ ತುದಿಯನ್ನು ಶಾಖದಿಂದ ಕರಗಿಸಿ ಮುಚ್ಚಿರುತ್ತಾರೆ. ಅದು ಗರಗಸದಂತಿದೆಯೇ ಎಂದು ಕೊಳ್ಳುವ ಮೊದಲು ನಿಮ್ಮ ಮುಂಗೈಯ ಒಳಮೈಗೆ ಉಜ್ಜಿ ನೋಡಿ. ಚರ್ಮದ ಪಟ್ಟಿ ದಿನಕಳೆದಂತೆ ಕೊರಳಿಗೆ ಹೊಂದಿಕೊಳ್ಳುತ್ತದೆ. ಆದರೆ ನೆನೆದದ್ದನ್ನು ಬಿಸಿಲಿಗೆ ಹಾಕಿದರೆ ಸೆಟೆದು ಬಿರುಸಾಗುತ್ತದೆ, ಹಾಗೆಯೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ನೆರಳಿನಲ್ಲಿ, ಗಾಳಿಗೆ ಒಣಗಿಸಬೇಕು. ಬಿಳಿಯ ನಾಯಿಯಿದ್ದವರು ಇನ್ನೊಂದು ಪರೀಕ್ಷೆ ಮಾಡಬೇಕು: ಒದ್ದೆ ಮಾಡಿದ ಬಿಳಿಯ ಬಟ್ಟೆಯಿಂದ ಹೊಸ ಪಟ್ಟಿಯನ್ನು ಒರೆಸಿ ಬಣ್ಣ ಬಿಡುವುದೇ ನೋಡಬೇಕು. ಲೋಹದ ಸರಪಳಿಯೂ ಬಿಳಿ ರೋಮವನ್ನು ಕಪ್ಪಾಗಿಸುತ್ತದೆ, ಕೂದಲನ್ನು ಕೊಂಡಿಗಳ ನಡುವೆ ಸಿಲುಕಿಸಿ ಕೀಳುತ್ತದೆ. ಜಗ್ಗಿದಂತೆ ಬಿಗಿಯುವ ಸರಪಳಿಯನ್ನಂತೂ ಮನೆಯಲ್ಲಿಡದಿರುವುದೇ ವಾಸಿ. ಗೆಜ್ಜೆ ಕಟ್ಟುವ ಶೋಕಿಯೂ ಕೆಲವರಿಗಿದೆ. ನಮ್ಮ ಕಿವಿಗಿಂತ ಎಷ್ಟೋ ಸೂಕ್ಷ್ಮವಾದ ಕಿವಿಯ ಪಕ್ಕದಲ್ಲೇ ಹಗಲೂ ರಾತ್ರಿ ಆ ಸದ್ದು ಏಕೆ?

ಕೊರಳ ರಚನೆಯೂ ಮುಖ್ಯ. 2005ರಲ್ಲಿ ಅಂಚೆ ಚೀಟಿಯ ಮೇಲೆ ಸ್ಥಾನ ಪಡೆದ ನಮ್ಮ ಮುಧೋಳ ನಾಯಿಯ ಕೊರಳು ನೀಳ, ತಲೆ ಕಿರಿದು. ಸಾಧಾರಣ ಪಟ್ಟಿಯಿಂದ ಅದು ಹಿಂದಕ್ಕೆ ಸರಿದು ಸಲೀಸಾಗಿ ತಲೆ ಬಿಡಿಸಿಕೊಳ್ಳುತ್ತದೆ. ಹಾಗೆಂದು ಪಟ್ಟಿಯನ್ನು ಬಿಗಿದರೆ ತೆಳು ಚರ್ಮ ಗಾಯವಾಗುತ್ತದೆ. ಇದಕ್ಕೆ ಸುಮಾರು ಎರಡು ಅಂಗುಲ ಅಗಲದ, ಎಳೆದಾಗ ಒಂದು ಮಿತಿಯವರೆಗೆ ಮಾತ್ರ ಬಿಗಿಯುವ ಮಾರ್ಟಿಂಗೇಲ್ ಪಟ್ಟಿ ಸೂಕ್ತ. 2003ರ ದೂರವಾಣಿ ಜಾಹೀರಾತಿನಿಂದ ಮನೆಮಾತಾದ ಪಗ್ ನಾಯಿಗೆ ಮೊದಲೇ ಉಸಿರಾಟದ ಕಷ್ಟ. ಅದರ ಹಗ್ಗ ಕೊರಳಿಗೆ ಬೇಡವೇ ಬೇಡ. ಶ್ವಾಸನಾಳ ಕುಗ್ಗುವ ರೋಗವುಳ್ಳ ಪುಟ್ಟ ನಾಯಿಗಳಿಗೂ, ಕಣ್ಣಿನ ಒತ್ತಡದ ತೊಂದರೆಯುಳ್ಳವಕ್ಕೂ ಇದೇ ಮಾತು ಅನ್ವಯಿಸುತ್ತದೆ. ಕೊರಳಪಟ್ಟಿಯ ಎಳೆತದಿಂದ ಕಣ್ಣೊಳಗಿನ ಒತ್ತಡ ಏರುತ್ತದೆ, ಎದೆಪಟ್ಟಿಯಿಂದ ಹಾಗಾಗುವುದಿಲ್ಲ ಎಂದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ.

ಮನೆಯೊಳಗೆ ನಾಯಿ ಒಂಟಿಯಾಗಿರುವಾಗ ಪಟ್ಟಿ ತೆಗೆದಿಡುವುದು ಕ್ಷೇಮ. ಬಾಲ್ಕನಿಯ ಗ್ರಿಲ್ಲಿಗೆ ಸಿಕ್ಕಿಕೊಂಡರೆ ಬಿಡಿಸುವವರಿರುವುದಿಲ್ಲ. ದೀಪಾವಳಿಯ ದಿನಗಳಲ್ಲಿ ಮಾತ್ರ ಇದಕ್ಕೆ ವಿನಾಯಿತಿ: ಪಟಾಕಿಗೆ ಬೆದರಿ ಓಡಿದ ನಾಯಿಯನ್ನು ಮರಳಿ ತರುವುದು ಪಟ್ಟಿಯ ಮೇಲಿನ ದೂರವಾಣಿ ಸಂಖ್ಯೆಯೇ. ಪಟ್ಟಿಯನ್ನು ದಿನಕ್ಕೊಮ್ಮೆ ಬಿಚ್ಚಿ ಅಡಿಯ ಕೂದಲನ್ನು ಬಾಚುವಾಗ ಕೆಂಪು, ವಾಸನೆ, ಉಣ್ಣೆ ಇವುಗಳನ್ನು ಹುಡುಕಬೇಕು. ಜ್ವರ, ರಕ್ತಹೀನತೆ ತರುವ ಉಣ್ಣೆಗಳಿಗೆ ಪಟ್ಟಿಯ ಅಡಿ ಒಳ್ಳೆಯ ಅಡಗುದಾಣ.

ಅತ್ಯಂತ ಗಂಭೀರವಾದುದು ಮರಿಗಳ ವಿಷಯ. ಮರಿಯ ಕೊರಳು ವಾರವಾರಕ್ಕೂ ಬೆಳೆಯುತ್ತದೆ, ಪಟ್ಟಿ ಬೆಳೆಯುವುದಿಲ್ಲ. ಸಡಿಲಿಸುವವರಿಲ್ಲದಿದ್ದರೆ ಅದು ಚರ್ಮವನ್ನು ಕೊಯ್ದು ಒಳಗಿಳಿಯುತ್ತದೆ. ಮೇಲೆ ಮಾಂಸ ಬೆಳೆದು ಪಟ್ಟಿಯೇ ಕಾಣದಂತಾಗುತ್ತದೆ. ಗಾಯಕ್ಕೆ ನೊಣ ಕೂತು ಹುಳುವಾಗುತ್ತದೆ. ಮೊದಲು ತಿಳಿಯುವುದು ದುರ್ವಾಸನೆಯಿಂದ. ಆಗ ಮನೆಯಲ್ಲಿ ಕತ್ತರಿ ಹಿಡಿಯದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಅರಿವಳಿಕೆ ಕೊಟ್ಟೇ ಬಿಡಿಸಬೇಕಾದ ಕೆಲಸವದು. ಮನೆಯ ಮರಿಗಿಂತ ಬೀದಿಯ ಮರಿಗೆ ಈ ಅಪಾಯ ಹೆಚ್ಚು. ಸೊಸೈಟಿಯ ಮಕ್ಕಳು ಅಕ್ಕರೆಯಿಂದ ರಿಬ್ಬನ್ನನ್ನೋ ಹಳೆಯ ಬೆಲ್ಟನ್ನೋ ಕಟ್ಟುತ್ತಾರೆ. ಮರಿ ಎರಡು ಬೀದಿ ಆಚೆ ಹೋಗುತ್ತದೆ, ಕಟ್ಟಿದವರು ಮರೆಯುತ್ತಾರೆ. ಒಂದು ವರ್ಷ ತುಂಬುವವರೆಗೆ ಬೀದಿಮರಿಗೆ ಏನನ್ನೂ ಕಟ್ಟಕೂಡದು. ಸಂತಾನಹರಣ ಚಿಕಿತ್ಸೆಯಾದ ಬೀದಿನಾಯಿಯನ್ನು ಗುರುತಿಸಲು ಅದರ ಕಿವಿಯಂಚಿನಲ್ಲಿ ಮಾಡಿದ ಕಚ್ಚು ಇರುತ್ತದೆ. ಅದಕ್ಕಾಗಿ ಪಟ್ಟಿ ಬೇಕಿಲ್ಲ. ವಾಹನದ ಬೆಳಕಿಗೆ ಹೊಳೆಯುವ ಪಟ್ಟಿಯನ್ನು ಬೆಳೆದ ನಾಯಿಗೆ ಹಾಕುವುದಾದರೆ, ಜೋರಾಗಿ ಎಳೆದಾಗ ತಾನಾಗಿ ಕಳಚಿಕೊಳ್ಳುವ ಕೊಂಡಿಯುಳ್ಳದ್ದನ್ನೇ ಆರಿಸಬೇಕು.