ಲವಂಗ ಹಚ್ಚಿಟ್ಟರೆ ಮಾಂಸ ಕೆಡುವುದಿಲ್ಲವೇ?

ಬಕ್ರೀದ್ ಹತ್ತಿರ ಬಂದಾಗ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯ ತಾಯಂದಿರು ಕೇಳುವುದುಂಟು: “ಲವಂಗ, ದಾಲ್ಚಿನ್ನಿ, ಅರಿಶಿನ ಹಚ್ಚಿಟ್ಟರೆ ಕುರ್ಬಾನಿ ಮಾಂಸ ಎಷ್ಟು ದಿನ ಇರುತ್ತೆ?”

ಕೇಳುವುದರಲ್ಲಿ ಅರ್ಥವಿದೆ. ಲವಂಗದಲ್ಲಿರುವ ಯೂಜಿನಾಲ್, ದಾಲ್ಚಿನ್ನಿಯಲ್ಲಿರುವ ಸಿನ್ನಮಾಲ್ಡಿಹೈಡ್ ಬ್ಯಾಕ್ಟೀರಿಯಾ ಮತ್ತು ಬೂಷ್ಟಿನ ಬೆಳವಣಿಗೆಯನ್ನು ತಡೆಯಬಲ್ಲವು. ಕೊಬ್ಬು ಕಮಟಾಗದಂತೆ ರೋಸ್ಮರಿ ಎಲೆಯ ಸಾರವನ್ನು ಆಹಾರ ಕಾರ್ಖಾನೆಗಳು ಬಳಸುತ್ತವೆ. ಯುರೋಪಿನಲ್ಲಿ ಅದರ ಸಂಖ್ಯೆ ಇ-392.

ಆದರೆ ಸಾರವೇ ಬೇರೆ, ಮಸಾಲೆಯೇ ಬೇರೆ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಸಾಕಾದ ಪ್ರಮಾಣ ಮಾಂಸದಲ್ಲಿ ಸಾಲದು, ಕೊಬ್ಬು ಮತ್ತು ಪ್ರೋಟೀನು ಅದರ ಶಕ್ತಿ ಕುಗ್ಗಿಸುತ್ತವೆ. ಸಾಕಾಗುವಷ್ಟು ಹಾಕಿದರೆ ಬಾಯಿಗಿಡಲಾಗದು. ಅಂಗಡಿಯ ಲವಂಗದೆಣ್ಣೆ ಸುರಿಯುವ ಸಾಹಸವಂತೂ ಬೇಡ. ಚಿಕ್ಕ ಮಕ್ಕಳ ಹೊಟ್ಟೆಗೆ ಅದು ಒಂದೆರಡು ಚಮಚ ಹೋದರೂ ಯಕೃತ್ತಿಗೆ ಅಪಾಯ.

ನಮ್ಮ ಯುನಾನಿ ಮಜೂನ್‌ಗಳನ್ನೇ ನೋಡಿ. ಅವು ತಿಂಗಳುಗಟ್ಟಲೆ ಕೆಡದಿರುವುದು ಗಿಡಮೂಲಿಕೆಯಿಂದ ಮಾತ್ರವಲ್ಲ. ಔಷಧಿಯ ಸುಮಾರು ಮೂರರಷ್ಟು ಜೇನು ಅಥವಾ ಸಕ್ಕರೆಯ ಗಟ್ಟಿ ಪಾಕ ಇರುವುದರಿಂದ ಸೂಕ್ಷ್ಮಾಣುಗಳಿಗೆ ನೀರೇ ಸಿಗುವುದಿಲ್ಲ. ಉಪ್ಪಿನಕಾಯಿಯಲ್ಲಿ ಆ ಕೆಲಸ ಮಾಡುವುದು ಉಪ್ಪು ಮತ್ತು ಹುಳಿ. ನಮ್ಮ ಕಡೆಯ ಹುಣಸೆ, ನಿಂಬೆ, ಇಲ್ಲವೇ ಸಿರ್ಕಾ. ಮೆಂತ್ಯ, ಸಾಸಿವೆ, ಕಲೌಂಜಿ ಜೊತೆಗಾರರಷ್ಟೇ. ಹುಳಿಯಿಲ್ಲದೆ ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡಬೇಡಿ. ಗಾಳಿಯಾಡದ ಆ ಜಾಗದಲ್ಲಿ ಬೊಟುಲಿಸಂ ತರುವ ಮಾರಕ ವಿಷ ಹುಟ್ಟಬಹುದು, ವಾಸನೆಯಿಂದ ಅದು ತಿಳಿಯುವುದೂ ಇಲ್ಲ.

ಇನ್ನು ಮಾಂಸ. ಹಂಚುವುದನ್ನು ಮೊದಲು ಮುಗಿಸಿ, ಬಡವರ ಪಾಲು ಬಿಸಿಲಲ್ಲಿ ಕಾಯುತ್ತಾ ಕೂರಬಾರದು. ಬರಗಾಲದ ಒಂದು ವರ್ಷ ಕುರ್ಬಾನಿ ಮಾಂಸವನ್ನು ಮೂರು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳದಂತೆ ತಡೆದಿದ್ದ ಪ್ರವಾದಿಯವರು (ಸ) ಮುಂದೆ ಅನುಮತಿ ಕೊಟ್ಟರೆಂದು ಹದೀಸಿನಲ್ಲಿದೆ. ಇಡಲು ಅಡ್ಡಿಯಿಲ್ಲ, ಇಡುವ ರೀತಿ ಸರಿಯಿರಲಿ. ಹೊರಗೆ 2 ಗಂಟೆಗಿಂತ ಹೆಚ್ಚು ಬೇಡ, ಸೆಕೆ 32 ಡಿಗ್ರಿ ದಾಟಿದ್ದರೆ 1 ಗಂಟೆಯೇ ಸಾಕು. ಫ್ರಿಜ್ 4 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿದ್ದರೆ ಮಾಂಸದ ತುಂಡು 3 ದಿನ, ಖೀಮಾ ಮತ್ತು ಕಲೇಜಿ 1 ದಿನ, ಹೆಚ್ಚೆಂದರೆ 2. ಉಳಿದದ್ದನ್ನು ಸಣ್ಣ ಪೊಟ್ಟಣ ಮಾಡಿ ಫ್ರೀಜರಿಗೆ ಹಾಕಿ. ದೊಡ್ಡ ಗಂಟಿನ ಒಳಭಾಗ ತಣ್ಣಗಾಗಲು ಬಹಳ ಹೊತ್ತು ಬೇಕು. ಅರಿಶಿನ, ಲವಂಗ ಹಚ್ಚಿ, ಸಂತೋಷ. ಲೆಕ್ಕದ ದಿನ ಮಾತ್ರ ಅದರಿಂದ ಹೆಚ್ಚುವುದಿಲ್ಲ.

ಉಪ್ಪುಕಂಡ ಮಾಡುವವರು ತೆಳ್ಳಗೆ ಸೀಳಿ, ಧಾರಾಳ ಉಪ್ಪು ಹಚ್ಚಿ, ನೊಣ ಕೂರದಂತೆ ಪರದೆ ಕಟ್ಟಿ ಒಣ ಬಿಸಿಲಿನಲ್ಲೇ ಒಣಗಿಸಿ. ಮೋಡದ ದಿನ ಆ ಕೆಲಸಕ್ಕೆ ಕೈ ಹಾಕಬೇಡಿ. ರಕ್ತದೊತ್ತಡ ಇರುವವರಿಗೆ ಅದು ಹೇಳಿದ್ದಲ್ಲ.

ಕಡಲೆಕಾಯಿ ಬೆಳೆಯುವ ಮನೆಗಳಿಗೆ ಇನ್ನೊಂದು ಮಾತು. ಮೂಟೆಗೆ ಬೇವಿನ ಸೊಪ್ಪು ಹಾಕಿದರೆ ಹುಳು ಕಡಿಮೆಯಾಗಬಹುದು, ಆದರೆ ತೇವ ಉಳಿದಿದ್ದರೆ ಬೂಷ್ಟು ಬಂದೇ ಬರುತ್ತದೆ. ಆ ಬೂಷ್ಟಿನ ಅಫ್ಲಾಟಾಕ್ಸಿನ್ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ, ವರ್ಷಗಟ್ಟಲೆ ಹೊಟ್ಟೆ ಸೇರಿದರೆ ಯಕೃತ್ತಿನ ಕ್ಯಾನ್ಸರ್‌ಗೂ ದಾರಿ ಮಾಡುತ್ತದೆ. ಅಲ್ಲಾಡಿಸಿದಾಗ ಬೀಜ ಗಲಗಲ ಎನ್ನುವವರೆಗೆ ಒಣಗಿಸಿಯೇ ಮೂಟೆ ಕಟ್ಟಿ. ಬಣ್ಣಗೆಟ್ಟ, ಸುಕ್ಕಾದ, ಕಹಿ ಬೀಜವನ್ನು ಚಟ್ನಿಗೂ ಬಳಸಬೇಡಿ, ದನಕರುಗಳಿಗೂ ಹಾಕಬೇಡಿ.