ಮೊಳೆ ಬೇಡದ ಹಡಗು

2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆ ಸೇರಿದ ಹಡಗಿನ ಹಲಗೆಗಳನ್ನು ಹಿಡಿದಿಟ್ಟಿರುವುದು ತೆಂಗಿನ ನಾರು. ಮೊಳೆ ಹೊಡೆದಿಲ್ಲ. ಹಲಗೆಯ ಪಕ್ಕಕ್ಕೆ ಹಲಗೆ ಕೂರಿಸಿ, ಅಂಚಿನುದ್ದಕ್ಕೂ ತೂತು ಕೊರೆದು, ನಾರಿನ ಹಗ್ಗದಲ್ಲಿ ಹೊಲಿದಿದ್ದಾರೆ. ಹೆಸರು ಐಎನ್‌ಎಸ್‌ವಿ ಕೌಂಡಿನ್ಯ. ಉದ್ದ ಸುಮಾರು 20 ಮೀಟರ್, ಅಗಲ ಸುಮಾರು ಆರೂವರೆ ಮೀಟರ್. ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಯ ನಮಗೆ ನಾರು ಎಂದರೆ ಹಾಸಿಗೆ ಮಾಡುವವರಿಗೆ ಹೋಗುವ ಲೋಡು, ಮಟ್ಟೆ ಎಂದರೆ ಹಂಡೆಯ ಒಲೆಗೆ ಉರುವಲು. ಅದೇ ನಾರು ಅರಬ್ಬಿ ಸಮುದ್ರ ದಾಟಿಸುತ್ತದೆ ಎಂದರೆ, ಕೊಬ್ಬರಿ ರೇಟಿನ ಮಾತು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಕೇಳಬಹುದಾದ ಸಂಗತಿ.

ಹಡಗಿನ ಮೂಲ ಒಂದು ಚಿತ್ರ. ಅಜಂತಾ ಗುಹೆಯ ಗೋಡೆಯಲ್ಲಿರುವ ಐದನೇ ಶತಮಾನದ ಹಡಗನ್ನು ನೋಡಿ, ಅಂಥದ್ದೇ ಒಂದನ್ನು ಕಟ್ಟುವ ಯೋಜನೆ ಹುಟ್ಟಿತು. ಅರ್ಥಶಾಸ್ತ್ರಜ್ಞ ಸಂಜೀವ್ ಸನ್ಯಾಲ್ ಅವರ ಆಲೋಚನೆ ಇದು. 2023ರ ಜುಲೈನಲ್ಲಿ ಕೇಂದ್ರ ಸಂಸ್ಕೃತಿ ಸಚಿವಾಲಯ, ನೌಕಾಪಡೆ ಮತ್ತು ಗೋವಾದ ಹೋಡಿ ಇನ್ನೋವೇಷನ್ಸ್ ಒಪ್ಪಂದ ಮಾಡಿಕೊಂಡವು. ಸೆಪ್ಟೆಂಬರಿನಲ್ಲಿ ಅಡಿಮರ ಇಟ್ಟರು. ನಕ್ಷೆಯಾಗಲಿ ಅಳತೆಯಾಗಲಿ ಉಳಿದಿರಲಿಲ್ಲ, ಇದ್ದದ್ದು ಗೋಡೆಯ ಮೇಲಿನ ಚಿತ್ರವೊಂದೇ. ಅದರಿಂದ ಊಹಿಸಿದ ಒಡಲು ನೀರಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಮಾದರಿ ಮಾಡಿ ಮದ್ರಾಸ್ ಐಐಟಿಯಲ್ಲಿ ಪರೀಕ್ಷಿಸಿದರು. ಹೊಲಿಗೆಯ ಹೊಣೆ ಹೊತ್ತವರು ಕೇರಳದ ಬಾಬು ಶಂಕರನ್ ಮತ್ತು ಅವರ ಕೈಕೆಳಗಿನ ಕುಶಲಕರ್ಮಿಗಳು. ಹಾಯಿಯ ಮೇಲೆ ಗಂಡಭೇರುಂಡವಿದೆ. ಕೆಎಸ್‌ಆರ್‌ಟಿಸಿ ಬಸ್ಸಿನ ಮೇಲೆ ನೋಡಿ ಅಭ್ಯಾಸವಾದ ಹಕ್ಕಿ ಸಮುದ್ರಕ್ಕೂ ಇಳಿಯಿತು ಅನ್ನಿ.

ಹೊಲಿಗೆಯ ಕೆಲಸ ನಡೆಯುವುದು ಹೀಗೆ. ಇಂದಿನ ಮರದ ಹಡಗಿಗೆ ಸಾಮಾನ್ಯವಾಗಿ ಮೊದಲು ಪಕ್ಕೆಲುಬು ನಿಲ್ಲಿಸಿ ಆಮೇಲೆ ಹಲಗೆ ಹೊದಿಸುತ್ತಾರೆ. ಹೊಲಿದ ಹಡಗಿನಲ್ಲಿ ಕ್ರಮ ತಿರುವುಮುರುವು: ಹಲಗೆಗಳ ಚಿಪ್ಪು ಮೊದಲು, ಪಕ್ಕೆಲುಬು ನಂತರ. ಹಬೆ ಕೊಟ್ಟು ಬಗ್ಗಿಸಿದ ಹಲಗೆಯನ್ನು ಕೆಳಗಿನ ಹಲಗೆಯ ಅಂಚಿಗೆ ಸಂದಿಲ್ಲದಂತೆ ಕೂರಿಸುತ್ತಾರೆ. ಎರಡರ ಅಂಚಿನಲ್ಲೂ ಎದುರುಬದುರು ತೂತುಗಳು. ಸಂದಿನುದ್ದಕ್ಕೆ ನಾರಿನ ದಪ್ಪ ಹುರಿಯನ್ನು ಒತ್ತಾಗಿ ಇಟ್ಟು, ಅದರ ಮೇಲೆ ಹಗ್ಗ ಕತ್ತರಿ ಹಾಕಿ ಬರುವಂತೆ ಹೊಲಿಯಬೇಕು. ಇದು ಇಬ್ಬರ ಕೆಲಸ. ಒಬ್ಬ ಒಡಲ ಒಳಗೆ, ಇನ್ನೊಬ್ಬ ಹೊರಗೆ. ಒಳಗಿನವನು ತೂರಿಸಿದ ಹಗ್ಗವನ್ನು ಹೊರಗಿನವನು ಕೋಲಿಗೆ ಸುತ್ತಿ, ಮೈಭಾರ ಬಿಟ್ಟು ಜಗ್ಗುತ್ತಾನೆ. ಬಿಗಿ ಸಡಿಲದಂತೆ ತೂತಿಗೆ ತಾತ್ಕಾಲಿಕ ಬೆಣೆ ಬಡಿದು ಮುಂದಿನ ತೂತಿಗೆ ಹೋಗುತ್ತಾರೆ. ಮುಗಿದ ಮೇಲೆ ತೂತುಗಳನ್ನೆಲ್ಲ ನಾರಿನಿಂದ ತುಂಬಿ, ಮರದ ಅಂಟು ಮತ್ತು ಎಣ್ಣೆ ಬಳಿಯುತ್ತಾರೆ. ನೀರು ಸೋಕಿದಾಗ ಒತ್ತಿನ ನಾರು ಉಬ್ಬಿ ಸಂದನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಉಪ್ಪುನೀರಿಗೆ ತೆಂಗಿನ ನಾರು ಬೇಗ ಕೊಳೆಯುವುದಿಲ್ಲ. ಅದರಲ್ಲಿ ಲಿಗ್ನಿನ್ ಹೆಚ್ಚು, ಸುಮಾರು ಶೇ 40.

ಹೀಗೆ ಕಟ್ಟಿದ ಒಡಲು ಗಟ್ಟಿ ಡಬ್ಬಿಯಲ್ಲ. ಅಲೆ ಬಂದಾಗ ಹಲಗೆಗಳು ಒಂದರ ಪಕ್ಕ ಒಂದು ಕೊಂಚ ಅಲುಗುತ್ತವೆ, ಅಲೆ ಹೋದಾಗ ಹಗ್ಗ ಅವನ್ನು ಜಾಗಕ್ಕೆ ಎಳೆದುಕೊಳ್ಳುತ್ತದೆ. ಹಗ್ಗ ಹೆಣೆದ ಮಂಚದ ಮೇಲೆ ಮಕ್ಕಳು ಕುಣಿದರೂ ಅದು ಮುರಿಯದಿರುವುದು ಇದೇ ಗುಣದಿಂದ. ಹದಿನಾಲ್ಕನೇ ಶತಮಾನದಲ್ಲಿ ಪ್ರವಾಸಿ ಇಬ್ನ್ ಬತೂತಾ ಬರೆದಿಟ್ಟ ಕಾರಣವೂ ಇದೇ: ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದದ್ದು ಬಾಗಿ ಉಳಿಯುತ್ತದೆ. ಹನ್ನೊಂದನೇ ಶತಮಾನದ ಭೋಜರಾಜನ ಹೆಸರಿನಲ್ಲಿರುವ ‘ಯುಕ್ತಿಕಲ್ಪತರು’ ಬೇರೆಯೇ ಕಾರಣ ಕೊಡುತ್ತದೆ: ಸಮುದ್ರದ ಹಡಗಿಗೆ ಕಬ್ಬಿಣ ಬಳಸಿದರೆ ಕಡಲಿನ ಅಯಸ್ಕಾಂತದ ಬಂಡೆಗಳು ಎಳೆದುಕೊಂಡುಬಿಡುತ್ತವಂತೆ. ಸಲಹೆ ಸರಿ, ಕಾರಣ ಕಥೆ. ಮಾರ್ಕೊ ಪೋಲೋಗೆ ಮಾತ್ರ ಇದು ಹಿಡಿಸಲಿಲ್ಲ. ತುರುವೇಕೆರೆಯಲ್ಲಿ ಹೊಯ್ಸಳರ ಚೆನ್ನಕೇಶವ ಗುಡಿ ಎದ್ದ ಹದಿಮೂರನೇ ಶತಮಾನದಲ್ಲೇ ಹೊರ್ಮುಜ್ ಬಂದರು ಕಂಡ ಅವನು, ಕಾಯಿ ನಾರಿನಲ್ಲಿ ಹೊಲಿದ ಅಲ್ಲಿನ ಹಡಗುಗಳು ಕಳಪೆ, ಎಷ್ಟೋ ಮುಳುಗುತ್ತವೆ ಎಂದು ಬರೆದ. ಮೊಳೆಯ ಹಡಗಿನ ಊರಿನವನು, ಬೇರೆ ಏನು ಹೇಳಿಯಾನು!

ಅವನಿಗೆ ಉತ್ತರ ಮದ್ರಾಸಿನಲ್ಲಿತ್ತು. ಅಲ್ಲಿ ಬಂದರುಕಟ್ಟೆ ಆಗುವ ಮೊದಲು ದೊಡ್ಡ ಹಡಗುಗಳು ದೂರದಲ್ಲೇ ಲಂಗರು ಹಾಕುತ್ತಿದ್ದವು. ದಡಕ್ಕೆ ಅಪ್ಪಳಿಸುವ ನೊರೆಯಲೆಗಳನ್ನು ಸೀಳಿ ಜನರನ್ನೂ ಸರಕನ್ನೂ ತರುತ್ತಿದ್ದದ್ದು ಮಸೂಲಾ ಎಂಬ ಹೊಲಿದ ದೋಣಿ. ಇಂಗ್ಲಿಷರ ಗಟ್ಟಿಮುಟ್ಟಾದ ದೋಣಿ ಆ ಅಲೆಗೆ ನೆಲ ಬಡಿದು ಬಿರಿಯುತ್ತಿತ್ತು. ಪಕ್ಕೆಲುಬೇ ಇಲ್ಲದ ಮಸೂಲಾ ಪೆಟ್ಟಿಗೆ ತಕ್ಕಂತೆ ಮೈ ಬಾಗಿಸಿ ಮರಳಿನ ಮೇಲೆ ಕೂರುತ್ತಿತ್ತು.

ದೋಣಿಯ ಯಾವ ಭಾಗ ಅಲುಗಬೇಕು, ಯಾವುದು ಅಲುಗಬಾರದು ಎಂಬುದಕ್ಕೆ ಒಂದೊಂದು ಕಡೆ ಒಂದೊಂದು ಉತ್ತರ. ಕರಾವಳಿಯ ಸಣ್ಣ ಪಾತಿ ದೋಣಿಗೆ ಒಂದು ಬದಿಯಲ್ಲಿ ಅಡ್ಡಮರ ಚಾಚಿ, ತುದಿಗೆ ತೇಲುವ ದಿಮ್ಮಿ ಕಟ್ಟಿರುತ್ತಾರೆ. ಮಗುಚದಂತೆ ಕಾಯುವುದು ಅದೇ. ಕೌಂಡಿನ್ಯದ ಹಿಂಬದಿಯಲ್ಲಿ ಇಂದಿನ ಚುಕ್ಕಾಣಿ ಇಲ್ಲ, ಎರಡೂ ಪಕ್ಕದಲ್ಲಿ ದಿಕ್ಕು ತಿರುಗಿಸುವ ದೊಡ್ಡ ಹುಟ್ಟುಗಳಿವೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ಎಂಇಜಿಯ ಹಾಯಿದೋಣಿ ನೋಡಿದವರಿಗೆ ಇನ್ನೊಂದು ಉಪಾಯ ಗೊತ್ತಿರುತ್ತದೆ. ಚಪ್ಪಟೆ ತಳದ ಸಣ್ಣ ದೋಣಿ ಪಕ್ಕಗಾಳಿಗೆ ಅಡ್ಡಡ್ಡ ಜಾರುತ್ತದೆ. ಅದಕ್ಕೆ ಒಡಲ ನಡುವೆ ಸೀಳು ಬಿಟ್ಟು, ಅದರೊಳಗಿಂದ ಒಂದು ಹಲಗೆಯನ್ನು ನೀರಿಗೆ ಇಳಿಸುತ್ತಾರೆ. ನೀರು ಆಳವಿಲ್ಲದ ಕಡೆ ಮೇಲಕ್ಕೆಳೆದರೆ ಆಯಿತು. ಹದಿನೈದು ವರ್ಷದವರೆಗಿನ ಮಕ್ಕಳು ನಡೆಸುವ, ಸುಮಾರು 2.3 ಮೀಟರ್ ಉದ್ದದ ಆಪ್ಟಿಮಿಸ್ಟ್ ದೋಣಿಯಲ್ಲೂ ಇದೇ ಹಲಗೆ. ಈ ಉಪಾಯಗಳಲ್ಲೆಲ್ಲ ಅಲುಗುವುದು ಹೆಚ್ಚೆಂದರೆ ಒಂದು ಅಂಗ. ಹೊಲಿದ ಹಡಗಿನಲ್ಲಿ ಮೈಯೆಲ್ಲ ಅಲುಗುತ್ತದೆ, ನನಗೆ ಹೆಚ್ಚು ದಿಟ್ಟತನ ಕಾಣುವುದು ಇಲ್ಲೇ.

ಹಾಗಾದರೆ ನಮ್ಮ ಮಟ್ಟೆಯಿಂದ ಹಡಗು ಹೊಲಿಯಬಹುದೇ? ಸುಲಭವಿಲ್ಲ. ಹೊಲಿಗೆಯ ಹಗ್ಗಕ್ಕೆ ಹೆಸರಾದದ್ದು ಬಿಳಿ ನಾರು. ಪೂರ್ತಿ ಒಣಗುವ ಮೊದಲೇ ಕಾಯಿ ಇಳಿಸಿ, ಹಸಿ ಮಟ್ಟೆಯನ್ನು ಕೇರಳದ ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ನೆನೆಹಾಕಿ, ಬಡಿದು ತೆಗೆಯುವ ನಾರು ಅದು. ಮೆತುವಾಗಿದ್ದು ಚೆನ್ನಾಗಿ ಹೊಸೆತಕ್ಕೆ ಬರುತ್ತದೆ. ನಮ್ಮದು ಉಂಡೆ ಕೊಬ್ಬರಿಯ ಸೀಮೆ. ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಿಟಕಾಗುವವರೆಗೆ ಹತ್ತು ಹನ್ನೆರಡು ತಿಂಗಳು ಕಾಯುತ್ತೇವೆ. ಅಷ್ಟರಲ್ಲಿ ಮಟ್ಟೆಯೂ ಒಣಗಿ ಕಂದಾಗಿರುತ್ತದೆ. ಯಂತ್ರಕ್ಕೆ ಕೊಟ್ಟರೆ ಬರುವುದು ಒರಟು ನಾರು: ಹಾಸಿಗೆಗೆ, ಕಾಲೊರಸಿಗೆ, ದಪ್ಪ ಹಗ್ಗಕ್ಕೆ ಸರಿ. ಕೊಬ್ಬರಿಗೆ ಬೇಕಾದ ಒಣಗು ಹೊಲಿಗೆಯ ನಾರಿಗೆ ಬೇಡ. ಎರಡನ್ನೂ ಒಂದೇ ಕಾಯಿಂದ ಪಡೆಯಲಾಗದು.

ನಾರಿಗೇ ಬದುಕು ಕೊಟ್ಟವರು ಲಕ್ಷದ್ವೀಪದವರು. ಅಮಿನಿ, ಕದ್ಮತ್, ಕಿಲ್ತನ್ ಮೊದಲಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಆ ದ್ವೀಪಗಳಿಂದ ನಾರಿನಲ್ಲೇ ಹೊಲಿದ ಓಡಂ ಎಂಬ ದೋಣಿಗಳು ನಾರಿನ ಹುರಿ ಹೇರಿಕೊಂಡು ಮಂಗಳೂರಿಗೆ ಬಂದು, ಅಕ್ಕಿ ತುಂಬಿಕೊಂಡು ಮರಳುತ್ತಿದ್ದವು. ಹುರಿಯ ವ್ಯಾಪಾರ ಆಗ ಸರ್ಕಾರದ ಏಕಸ್ವಾಮ್ಯವಾಗಿತ್ತು. ದರ ಕಟ್ಟುವವರೂ ಅವರೇ, ಅಕ್ಕಿ ಅಳೆದು ಕೊಡುವವರೂ ಅವರೇ. ಮಾರುಕಟ್ಟೆಯ ಈ ಸಂಕಟ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. 1980ರಲ್ಲಿ ಟಿಮ್ ಸೆವೆರಿನ್ ಎಂಬ ಸಾಹಸಿ ಒಮಾನಿನಲ್ಲಿ ‘ಸೋಹಾರ್’ ಎಂಬ ಹೊಲಿದ ಹಡಗು ಕಟ್ಟಿ ಚೀನಾಕ್ಕೆ ಹೊರಟಾಗ, ಮರಕ್ಕಾಗಿ ಮಲಬಾರಿಗೂ ಹಗ್ಗ ಮತ್ತು ಹೊಲಿಯುವ ಕೈಗಳಿಗಾಗಿ ಲಕ್ಷದ್ವೀಪಕ್ಕೂ ಬರಬೇಕಾಯಿತು.

ಕೌಂಡಿನ್ಯ 2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು 2026ರ ಜನವರಿ 14ರಂದು ಮಸ್ಕತ್ ತಲುಪಿತು. ಒಂದು ಕಾಲಕ್ಕೆ ಈ ದಾರಿಯಲ್ಲಿ ಇಂಥವೇ ಓಡಾಡುತ್ತಿದ್ದವು. ಮೊಳೆ ಗೆದ್ದದ್ದು ಹೊಲಿಗೆ ಸೋರಿದ್ದಕ್ಕಲ್ಲ, ಹೊಲಿಗೆ ಆಳು ಕೇಳುತ್ತದೆ ಎಂಬುದಕ್ಕೆ. ಮೊಳೆ ಹೊಡೆದ ಹಡಗಿನ ಮೇಲೆ ತೋಪು ಏರಿಸಬಹುದು, ವರ್ಷಗಟ್ಟಲೆ ಅದರ ಕೀಲುಗಳ ಗೊಡವೆಗೆ ಹೋಗದಿರಬಹುದು. ಹೊಲಿದ ಹಡಗನ್ನು ಆಗಾಗ ದಡಕ್ಕೆಳೆದು ಎಣ್ಣೆ ಉಣಿಸಬೇಕು, ಹಗ್ಗ ಸವೆದಲ್ಲಿ ಬಿಚ್ಚಿ ಹೊಸದು ಹಾಕಬೇಕು, ಅದಕ್ಕೆ ಮತ್ತೆ ಒಳಗೊಬ್ಬ ಹೊರಗೊಬ್ಬ ಬೇಕು. ಕಾಯಿ ಕೀಳಲು ಆಳು ಸಿಗದೆ ಒದ್ದಾಡುತ್ತಿರುವ ನಮ್ಮ ತೋಟದವರಿಗೆ ಇದರ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ.