ರಮಝಾನ್‌ನ ಶಿಸ್ತು ಶವ್ವಾಲ್‌ನಲ್ಲಿ ಎಲ್ಲಿ ಹೋಗುತ್ತದೆ?

ಶವ್ವಾಲ್‌ನ ಎರಡನೆಯ ಜುಮಾ ಬರುವಷ್ಟರಲ್ಲಿ ನಮ್ಮಲ್ಲಿ ಹೆಚ್ಚಿನವರು ಹಳೆಯ ಜಾಗಕ್ಕೇ ಮರಳಿರುತ್ತೇವೆ. ಒಂದು ತಿಂಗಳು ಹಗಲಿಡೀ ಬೀಡಿ, ಗುಟ್ಕಾ ಮುಟ್ಟದವರ ಕೈ ಈದ್‌ನ ಮಧ್ಯಾಹ್ನವೇ ಕಿಸೆಗೆ ಹೋಗುತ್ತದೆ. ಶೀರ್ ಖುರ್ಮಾದ ಬಟ್ಟಲಿನಿಂದ ಶುರುವಾದ ಸಿಹಿ ವಾರ ಕಳೆದರೂ ನಿಲ್ಲುವುದಿಲ್ಲ. ಸಹರಿಗೆಂದು ಎದ್ದು ಫಜ್ರ್‌ನ ಜಮಾಅತ್‌ಗೆ ಬರುತ್ತಿದ್ದವರ ಸಾಲುಗಳು ತೆಳುವಾಗುತ್ತವೆ. ಕೇಳಿದರೆ ಎಲ್ಲರದೂ ಒಂದೇ ಮಾತು, "ಮನಸ್ಸೇ ಬರುವುದಿಲ್ಲ." ನಡೆಯಬೇಕು, ಸಿಹಿ ಕಡಿಮೆ ಮಾಡಬೇಕು, ತಂಬಾಕು ಬಿಡಬೇಕು ಎಂಬುದು ಯಾರಿಗೂ ಗೊತ್ತಿಲ್ಲದ್ದಲ್ಲ. ಮನಸ್ಸು ಬಂದ ದಿನ ಶುರು ಮಾಡೋಣ ಎಂದು ಕಾಯುತ್ತೇವೆ, ಅಷ್ಟೆ. ಆ ದಿನ ತಾನಾಗಿ ಬರುವುದಿಲ್ಲ. ಮೊದಲು ಕೆಲಸ ಶುರುವಾಗಬೇಕು, ಮನಸ್ಸು ಅದರ ಹಿಂದೆ ಬರುತ್ತದೆ.

ಔರಾದ್ ತಾಲ್ಲೂಕಿನ ಎಕಂಬಾದಂತಹ ಊರುಗಳಲ್ಲಿ ಸಕ್ಕರೆ ಕಾಯಿಲೆ, ಬಿಪಿ ಎಂದರೆ ಪೇಟೆಯವರ ಕಾಯಿಲೆ ಎಂದುಕೊಂಡವರು ಇನ್ನೂ ಇದ್ದಾರೆ. ಹೊಲಕ್ಕೆ ನಡೆದೇ ಹೋಗುತ್ತಿದ್ದ ಕಾಲದಲ್ಲಿ ಅದು ಸರಿಯಿದ್ದೀತು. ಈಗ ಹೊಲಕ್ಕೂ ಬೈಕ್, ಅಂಗಡಿಗೂ ಬೈಕ್. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಈ ಕಾಯಿಲೆ ನೋವು ಕೊಡದೆ ವರ್ಷಗಟ್ಟಲೆ ಒಳಗೇ ಇದ್ದು ಕಣ್ಣು, ಮೂತ್ರಪಿಂಡ, ಕಾಲಿನ ನರಗಳನ್ನು ಹಾಳು ಮಾಡುತ್ತದೆ. ಮನೆಯ ದುಡಿಯುವವನೊಬ್ಬ ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಹೋಗಬೇಕಾಗಿ ಬಂದರೆ, ಆತನ ಜೊತೆಗೆ ಹೋಗುವ ಮಗನ ಕೂಲಿಯೂ ಹೋಯಿತು, ಮೊಮ್ಮಗಳ ಓದಿಗೆಂದು ಕೂಡಿಟ್ಟದ್ದೂ ಹೋಯಿತು.

ದೇಹ ನಮ್ಮ ಸೊತ್ತಲ್ಲ, ಅಲ್ಲಾಹನು ವಹಿಸಿಕೊಟ್ಟ ಅಮಾನತ್ ಎಂದು ಖುತ್ಬಾಗಳಲ್ಲಿ ಕೇಳುತ್ತಲೇ ಬಂದಿದ್ದೇವೆ. ಈ ಬಗ್ಗೆ ಹ. ಅಬ್ದುಲ್ಲಾ ಬಿನ್ ಅಮ್ರ್(ರ)ರ ಘಟನೆಯನ್ನು ಇನ್ನಷ್ಟು ಗಮನವಿಟ್ಟು ಓದಬೇಕು. ಅವರು ಪ್ರತಿದಿನ ಉಪವಾಸ, ರಾತ್ರಿಯಿಡೀ ನಮಾಝ್ ಎಂದು ನಿರ್ಧರಿಸಿದ್ದರು. ಪ್ರವಾದಿವರ್ಯರು(ಸ) ಅವರನ್ನು ಕರೆದು, ನಿನ್ನ ದೇಹಕ್ಕೂ ಕಣ್ಣಿಗೂ ಪತ್ನಿಗೂ ನಿನ್ನ ಮೇಲೆ ಹಕ್ಕಿದೆ ಎಂಬ ಅರ್ಥದಲ್ಲಿ ತಿಳಿಹೇಳಿ, ತಿಂಗಳಿಗೆ ಮೂರು ಉಪವಾಸ ಸಾಕು ಎಂದರು. ತರುಣನಿಗೆ ಅದು ಸಾಲಲಿಲ್ಲ, ಹೆಚ್ಚು ಹೆಚ್ಚು ಕೇಳಿ ಒಂದು ದಿನ ಬಿಟ್ಟು ಒಂದು ದಿನಕ್ಕೆ ಅನುಮತಿ ಪಡೆದರು. ಮುಪ್ಪಿನಲ್ಲಿ ಅದು ಭಾರವಾದಾಗ, ಅಂದು ಪ್ರವಾದಿಯವರು(ಸ) ಕೊಟ್ಟ ರಿಯಾಯಿತಿಯನ್ನೇ ಒಪ್ಪಿಕೊಂಡಿದ್ದರೆ ಚೆನ್ನಾಗಿತ್ತು ಎಂದು ಹಂಬಲಿಸಿದರು. ನಮ್ಮ ಯುವಕರು ಜಿಮ್‌ಗೆ ಆರು ತಿಂಗಳ ಹಣ ಕಟ್ಟಿ ಹನ್ನೆರಡನೆಯ ದಿನ ಬಿಡುವುದನ್ನು ಕಂಡಾಗಲೆಲ್ಲ ಈ ಘಟನೆ ನೆನಪಾಗುತ್ತದೆ. ಆದರೆ ಆ ಸಹಾಬಿ ಹಿಡಿದದ್ದನ್ನು ಕೊನೆಯವರೆಗೂ ಬಿಡಲಿಲ್ಲ, ನಾವು ಬಿಡುತ್ತೇವೆ.

ಕರ್ಮಗಳಲ್ಲಿ ಅಲ್ಲಾಹನಿಗೆ ಹೆಚ್ಚು ಪ್ರಿಯವಾದುದು, ಚಿಕ್ಕದಾದರೂ ನಿರಂತರವಾಗಿ ಮಾಡುವಂಥದ್ದು ಎಂಬ ಆಶಯದ ಹದೀಸ್ ಹ. ಆಯಿಶಾ(ರ)ರಿಂದ ಬುಖಾರಿ, ಮುಸ್ಲಿಮ್ ಎರಡರಲ್ಲೂ ವರದಿಯಾಗಿದೆ. ಲಂಡನ್ನಿನ ಸಂಶೋಧಕರು 96 ಮಂದಿಯನ್ನು ಹನ್ನೆರಡು ವಾರ ಗಮನಿಸಿ ಅಭ್ಯಾಸ ಹೇಗೆ ಬೇರೂರುತ್ತದೆ ಎಂದು ನೋಡಿದ್ದರು. 2010ರಲ್ಲಿ ಅಚ್ಚಾದ ಆ ಅಧ್ಯಯನದಲ್ಲಿ, ದಿನದ ಒಂದು ನಿಶ್ಚಿತ ಸಂದರ್ಭಕ್ಕೆ ಕಟ್ಟಿಕೊಂಡ ಚಿಕ್ಕ ಕೆಲಸವು ಯೋಚಿಸದೆಯೇ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನ ಬೇಕಾದೀತೆಂಬ ಅಂದಾಜು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ.

ರಮಝಾನ್‌ನ ಶಿಸ್ತು ಉಳಿಯದಿರುವುದಕ್ಕೆ ಒಂದು ಕಾರಣ ಇಲ್ಲಿ ಸಿಗುತ್ತದೆ. ಮೂವತ್ತು ದಿನ ಹೆಚ್ಚಿನವರಿಗೆ ಸಾಲದು. ಅದಕ್ಕಿಂತ ಮುಖ್ಯವಾಗಿ, ಆ ಶಿಸ್ತನ್ನು ಹಿಡಿದಿಟ್ಟಿದ್ದ ಗೂಟಗಳೆಲ್ಲ ಈದ್‌ನೊಂದಿಗೆ ಕಿತ್ತುಹೋಗುತ್ತವೆ. ಸಹರಿಗೆ ಎಬ್ಬಿಸುವ ಕೂಗು, ಇಡೀ ಮನೆ ಒಟ್ಟಿಗೆ ಕೂರುವ ಇಫ್ತಾರ್, ತರಾವೀಹ್ ಯಾವುದೂ ಇರುವುದಿಲ್ಲ. ವರ್ಷವಿಡೀ ಉಳಿಯುವ ಗೂಟ ಐದು ಹೊತ್ತಿನ ನಮಾಝ್. ಹೊಸ ಅಭ್ಯಾಸವನ್ನು ಅದಕ್ಕೇ ಕಟ್ಟಬೇಕು. ನಮಾಝ್ ಒಂದು ಉತ್ತಮ ವ್ಯಾಯಾಮ ಎಂದು ಪ್ರಚಾರ ಮಾಡುವವರಿದ್ದಾರೆ. ನಮಗೆ ಅದು ಒಪ್ಪಿಗೆಯಿಲ್ಲ. ನಮಾಝ್ ಆರಾಧನೆ, ಅದರಿಂದ ಸೊಂಟ ಸಣ್ಣದಾಗಲಿ ಎಂಬ ನಿಯ್ಯತ್‌ನಿಂದ ಯಾರೂ ಸಾಲಿನಲ್ಲಿ ನಿಲ್ಲಬಾರದು. ನಾವು ಹೇಳುತ್ತಿರುವುದು ಅದರ ಸಮಯದ ಬಗ್ಗೆ.

ಎಕಂಬಾದಲ್ಲಿ ಮನೆಗೂ ಮಸೀದಿಗೂ ಎಷ್ಟು ದೂರವಿದ್ದೀತು? ಆದರೂ ಮಸೀದಿಯ ಮುಂದೆ ಬೈಕ್‌ಗಳ ಸಾಲು. ಮದೀನಾದ ಅಂಚಿನಲ್ಲಿದ್ದ ಬನೂ ಸಲಿಮಾ ಗೋತ್ರದವರು ಮಸೀದಿಯ ಸಮೀಪಕ್ಕೆ ಮನೆ ಬದಲಿಸಲು ಹೊರಟಾಗ ಪ್ರವಾದಿವರ್ಯರು(ಸ), ಇದ್ದಲ್ಲೇ ಇರಿ, ನಿಮ್ಮ ಹೆಜ್ಜೆಗಳು ದಾಖಲಾಗುತ್ತವೆ ಎಂಬರ್ಥದಲ್ಲಿ ಹೇಳಿದರು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ತುಸು ಬಿರುಸಿನ ನಡಿಗೆಯಂತಹ ಚಟುವಟಿಕೆ ಬೇಕೆನ್ನುತ್ತದೆ. ಫಜ್ರ್ ಮುಗಿಸಿ ದಿನಕ್ಕೆ 22 ನಿಮಿಷ ನಡೆದರೆ ವಾರಕ್ಕೆ 154 ಆಯಿತು. ನಮಾಝ್‌ಗೆ ಹೋಗುವಾಗ ಓಡಬೇಡಿ, ಶಾಂತವಾಗಿ ಬನ್ನಿ ಎಂಬುದು ಪ್ರವಾದಿಯವರ(ಸ) ಆದೇಶ. ಆದ್ದರಿಂದ ಬಿರುಸಿನ ನಡಿಗೆ ಮರಳುವಾಗ ಇರಲಿ, ಊರ ಹೊರಗಿನ ಬಳಸುದಾರಿಯಲ್ಲಿ. ಬೀದರ್‌ನ ಬೇಸಿಗೆಯಲ್ಲಂತೂ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಮೊದಲ ವಾರ ಐದೇ ನಿಮಿಷ ನಡೆಯಿರಿ. ನಾಚಿಕೆಪಡುವಷ್ಟು ಚಿಕ್ಕದಾಗಿದ್ದರೇ ಅದು ಉಳಿಯುತ್ತದೆ.

ಊಟದಲ್ಲೂ ಹೀಗೆಯೇ. ದಿನಕ್ಕೆ ಐದು ಕಪ್ ಚಹಾ, ಕಪ್ಪಿಗೆ ಎರಡು ಚಿಕ್ಕ ಚಮಚ ಎಂದರೆ 40 ಗ್ರಾಂ ಸಕ್ಕರೆ. 25 ಗ್ರಾಂ ದಾಟದಿದ್ದರೆ ಒಳ್ಳೆಯದು. ಚಹಾ ಬಿಡಬೇಕಿಲ್ಲ, ಅಸರ್ ನಂತರದ ಒಂದು ಕಪ್ಪಿನಲ್ಲಿ ಅರ್ಧ ಚಮಚ ಇಳಿಸಿ ಶುರು ಮಾಡಿರಿ. ಜೋಳದ ರೊಟ್ಟಿ ತಿನ್ನುವವರಿಗೆ ಏನೂ ಆಗುವುದಿಲ್ಲ ಎಂಬ ಮಾತನ್ನು ನಂಬಬೇಡಿ. ಜೋಳ ಒಳ್ಳೆಯದೇ, ಆದರೆ ನಾಲ್ಕು ರೊಟ್ಟಿ ನಾಲ್ಕೇ. ಎರಡಕ್ಕೆ ನಿಲ್ಲಿಸಿ, ನಮ್ಮ ಹೊಲದಲ್ಲೇ ಬೆಳೆಯುವ ತೊಗರಿ, ಹೆಸರು ಬೇಳೆಯನ್ನೂ ಸೊಪ್ಪನ್ನೂ ಹೆಚ್ಚಿಸಬಹುದು. ಹೊಟ್ಟೆಯ ಮೂರರಲ್ಲೊಂದು ಭಾಗವನ್ನು ಉಸಿರಿಗೆ ಬಿಡಬೇಕೆಂಬ ಪ್ರವಾದಿ ಬೋಧನೆ ಮದುವೆಯ ದಸ್ತರ್‌ಖಾನ್‌ನಲ್ಲಿ ಬಗಾರಾ, ದಾಲ್ಚಾ ಬಂದಾಗ ಯಾರಿಗೂ ನೆನಪಾಗುವುದಿಲ್ಲ, ನಮಗೂ ಆಗುವುದಿಲ್ಲ.

ಸ್ತ್ರೀಯರ ವಿಷಯದಲ್ಲಿ ಗಂಡಸರು ತಪ್ಪಿತಸ್ಥರು. ಬೆಳಿಗ್ಗೆ ನಡೆಯಲು ಹೋಗುವ ಗಂಡನಿಗೆ ಅಡ್ಡಿಯಿಲ್ಲ. ಹೆಂಡತಿ ಹೊರಟರೆ ಬೀದಿ ನೋಡುತ್ತದೆ, ಅತ್ತೆ ಕೇಳುತ್ತಾಳೆ. ಮನೆಯವರೆಲ್ಲ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಆಕೆಯ ಬಿಪಿಯನ್ನು ಕೊನೆಯ ಹೆರಿಗೆಯ ಬಳಿಕ ಯಾರಾದರೂ ನೋಡಿದ್ದಾರೆಯೇ? ಪ್ರವಾದಿವರ್ಯರು(ಸ) ಪತ್ನಿ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಕಟ್ಟಿದ್ದರು, ಒಮ್ಮೆ ಅವರು ಗೆದ್ದರು, ಒಮ್ಮೆ ಇವರು. ಗಂಡ ಹೆಂಡತಿ ಜೊತೆಯಾಗಿ ನಡೆಯಲು ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿಲ್ಲ. ಮೂವತ್ತು ದಾಟಿದವರಿಗೆ ಸಕ್ಕರೆ, ಬಿಪಿ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ, ಸ್ತ್ರೀಯರಿಗೆ ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆಯೂ ಆ ಕಾರ್ಯಕ್ರಮದಲ್ಲಿದೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಿನ ತಿಳಿಸುತ್ತಾರೆ.

ಒಂದು ಎಚ್ಚರಿಕೆ. ನಡೆಯತೊಡಗಿದ ಉತ್ಸಾಹದಲ್ಲಿ ಮಾತ್ರೆ ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಸೋಮವಾರ, ಗುರುವಾರದ ಐಚ್ಛಿಕ ಉಪವಾಸವನ್ನು ವೈದ್ಯರನ್ನು ಕೇಳಿಯೇ ಹಿಡಿಯಬೇಕು. ನಡೆಯುವಾಗ ಎದೆ ಬಿಗಿದಂತಾದರೆ ಅಲ್ಲಿಗೇ ನಿಂತು, ಅದೇ ದಿನ ಆಸ್ಪತ್ರೆಗೆ ಹೋಗಿರಿ.